‘75ರವರೆಗೆ ಟೈಮ್ ಇದೆ ಅಂಕಲ್’ ಅಂದ, ನಾನು ನಂಬಿ ಬೇಸ್ತು ಬಿದ್ದೆ

ಹೋದ ಶನಿವಾರ ರಾಜ್ಯೋತ್ಸವದ ಊಟಕ್ಕೆ ಹೋಗಿದ್ದೆ. ಬಿಸಿಬೇಳೆಬಾತ್ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ನಮ್ಮ ಹಣಕಾಸು ಸಲಹೆಗಾರನ ದನಿ ಕೇಳಿಸಿತು. "ಇನ್ನೂ ತುಂಬಾ ಟೈಮ್ ಇದೆ ಅಂಕಲ್, ಟೆನ್ಷನ್ ತಗೋಬೇಡಿ." ಕೋಪಕ್ಕೆ ಕೈಯಲ್ಲಿದ್ದ ತಟ್ಟೆ ನಡುಗಿತು. ಅದೇ ಮಾತು, ಅದೇ ರಾಗ. ಒಂದೂವರೆ ವರ್ಷದ ಹಿಂದೆ ಯುಗಾದಿ ಊಟದಲ್ಲಿ, ನಿವೃತ್ತಿ ಖಾತೆಯ ದುಡ್ಡು ಯಾವಾಗ ತೆಗೆಯಬೇಕು ಅಂತ ಕೇಳಿದ ನನಗೆ ಹೇಳಿದ್ದೂ ಇದನ್ನೇ. ಈ ಸಲ ಕೇಳುತ್ತಿದ್ದವರು ಬೇರೆ ಯಾರೋ ನಿವೃತ್ತರು, ನನಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು. ಪಾಪ, ತಲೆಯಾಡಿಸುತ್ತಿದ್ದರು. ನಾನೂ ಹಾಗೇ ಆಡಿಸಿದ್ದೆ.

ನಾಚಿಕೆಯಾಗುತ್ತೆ ಅಂತ ಇಷ್ಟು ದಿನ ಸುಮ್ಮನಿದ್ದೆ. ಇನ್ನು ಸುಮ್ಮನಿರಲ್ಲ.

ನಾನು ಅಮೆರಿಕಕ್ಕೆ ಬಂದದ್ದು 1978ರಲ್ಲಿ. ಡೆಟ್ರಾಯಿಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿ ದುಡಿದೆ. ಒಂದು ಇಂಚಿನ ಸಾವಿರದಲ್ಲಿ ಒಂದು ಭಾಗ ಹೆಚ್ಚು ಕಡಿಮೆಯಾದರೂ ಮಾಲು ವಾಪಸ್ ಕಳಿಸುತ್ತಿದ್ದವನು. ಅಂಥವನು ನನ್ನ ಸ್ವಂತ ದುಡ್ಡಿನ ವಿಷಯದಲ್ಲಿ ಯಾರದೋ ಬಾಯಿಮಾತು ಕೇಳಿ ಕೂತೆ. ನಮ್ಮ ಮನೆಯವಳು ಈಗಲೂ ದಿನಕ್ಕೊಂದು ಸಲ ಇದನ್ನು ನೆನಪಿಸುತ್ತಾಳೆ.

ವಿಷಯ ಆರ್‌ಎಂಡಿ. ಅಂದರೆ ನಿವೃತ್ತಿ ಖಾತೆಯಿಂದ ಪ್ರತಿ ವರ್ಷ ಕಡ್ಡಾಯವಾಗಿ ತೆಗೆಯಬೇಕಾದ ಕನಿಷ್ಠ ಹಣ. ಇಲ್ಲಿರುವವರಿಗೆ ಗೊತ್ತಿರುತ್ತೆ, ಅಥವಾ ಗೊತ್ತಿದೆ ಅಂದುಕೊಂಡಿರುತ್ತೀರಿ, ನನ್ನ ಹಾಗೆ. ಐಆರ್‌ಎ (ನಾವೇ ತೆರೆಯುವುದು), 401ಕೆ (ಕೆಲಸದ ಕಂಪನಿಯ ಮೂಲಕ ಇರುವುದು) ಇಂಥ ನಿವೃತ್ತಿ ಖಾತೆಗಳಿಗೆ ಹಾಕಿದ ದುಡ್ಡಿಗೆ ನಾವು ಆಗ ಟ್ಯಾಕ್ಸ್ ಕಟ್ಟಿರಲಿಲ್ಲ. ಸರ್ಕಾರ ಎಷ್ಟು ದಿನ ಅಂತ ಕಾಯುತ್ತೆ? ಒಂದು ವಯಸ್ಸು ದಾಟಿದ ಮೇಲೆ ಪ್ರತಿ ವರ್ಷ ಇಷ್ಟು ತೆಗಿ, ತೆಗೆದದ್ದಕ್ಕೆ ಟ್ಯಾಕ್ಸ್ ಕಟ್ಟು ಅನ್ನುತ್ತೆ. ನಮ್ಮವರಿಗೆ ಇದು ಬೇಗ ತಲೆಗೆ ಹೋಗಲ್ಲ. ಊರಿನಲ್ಲಿ ನನ್ನ ತಮ್ಮ ಅಂಚೆ ಕಚೇರಿಯ ಪಿಪಿಎಫ್ ಅನ್ನು ಹದಿನೈದು ವರ್ಷ ಮುಗಿದ ಮೇಲೂ ಐದೈದು ವರ್ಷ ಮುಂದುವರಿಸಿಕೊಂಡು ಹೋಗುತ್ತಿದ್ದಾನೆ. ಯಾರೂ ಬಂದು "ತೆಗಿ" ಅನ್ನಲ್ಲ. ಉಳಿಸಿದ್ದು ತಪ್ಪು, ಅದಕ್ಕೆ ದಂಡ ಅಂತ ಹೇಳಿದರೆ ನಮ್ಮಪ್ಪ ನಗುತ್ತಿದ್ದರು.

ನಾನು ಹುಟ್ಟಿದ್ದು 1951ರ ಆಗಸ್ಟ್. ಈ ಇಸವಿ ನೆನಪಿಟ್ಟುಕೊಳ್ಳಿ, ಎಲ್ಲಾ ಗಲಾಟೆ ಇದರಿಂದಲೇ.

2024ರ ಜನವರಿ ಕೊನೆಗೆ ಐಆರ್‌ಎ ಖಾತೆ ಇರುವ ಕಂಪನಿಯಿಂದ ಒಂದು ಕಾಗದ ಬಂತು. ಈ ವರ್ಷದ ಆರ್‌ಎಂಡಿ ನೀವು ತೆಗೆಯಬೇಕು, ಎಷ್ಟು ಅಂತ ಲೆಕ್ಕ ಬೇಕಿದ್ದರೆ ಕೇಳಿ ಅಂತ. ನಾನು ಅದರ ಫೋಟೋ ತೆಗೆದು ನಮ್ಮ ಸಲಹೆಗಾರನಿಗೆ ವಾಟ್ಸಾಪ್ ಮಾಡಿದೆ. ನಮ್ಮವನೇ, ಕನ್ನಡದ ಹುಡುಗ. ಹುಡುಗ ಅಂದರೆ ನಲವತ್ತು ದಾಟಿದೆ. ಹಬ್ಬದ ಕಾರ್ಯಕ್ರಮಗಳಿಗೆ ಪ್ರಾಯೋಜಕ, ಬಾಗಿಲಲ್ಲೇ ಅವನ ಬ್ಯಾನರ್ ಇರುತ್ತೆ. ನಮ್ಮ ಮನೆಯಲ್ಲಿ ಕೂತು ಅಕ್ಕಿರೊಟ್ಟಿ ತಿಂದು ಹೋಗಿದ್ದಾನೆ. ರಾತ್ರಿ 9.42ಕ್ಕೆ ಉತ್ತರ ಬಂತು: "ಅದು ಆಟೊಮ್ಯಾಟಿಕ್ ಲೆಟರ್ ಅಂಕಲ್, ಎಲ್ರಿಗೂ ಬರುತ್ತೆ. ಇಗ್ನೋರ್ ಮಾಡಿ." ಪಕ್ಕದಲ್ಲಿ ಒಂದು ಹೆಬ್ಬೆರಳು.

ಎಲ್ರಿಗೂ ಬರಲ್ಲ ಸ್ವಾಮಿ. ಆ ವರ್ಷ ತೆಗೆಯಲೇಬೇಕಾದವರಿಗೆ ಮಾತ್ರ ಬರುತ್ತೆ. ಜನವರಿ 31ರೊಳಗೆ ಕಳಿಸಬೇಕು ಅಂತ ಆ ಕಂಪನಿಗಳಿಗೆ ಇಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ನಿಯಮವೇ ಇದೆ. ನನಗೆ ಆಗ ಗೊತ್ತಿರಲಿಲ್ಲ. ಅವನಿಗೆ ಗೊತ್ತಿರಬೇಕಿತ್ತು. ಅದಕ್ಕೇ ತಾನೇ ವರ್ಷಕ್ಕೆ ಖಾತೆಯ ಮೊತ್ತದ ಶೇ. 1.1 ಫೀಸು ಕೊಡುತ್ತಿದ್ದದ್ದು?

ಆದರೂ ಮನಸ್ಸು ತಡೆಯಲಿಲ್ಲ. ಏಪ್ರಿಲ್‌ನಲ್ಲಿ ಯುಗಾದಿ ಊಟಕ್ಕೆ ಸಿಕ್ಕಾಗ ಮತ್ತೆ ಕೇಳಿದೆ. ಕೈಯಲ್ಲಿ ಒಬ್ಬಟ್ಟು ಹಿಡಿದು, ಅರ್ಧ ಬಾಯಲ್ಲಿಟ್ಟುಕೊಂಡೇ ಹೇಳಿದ. "ಅಂಕಲ್, ಹೊಸ ಕಾನೂನು ಬಂದಿದೆ ಅಲ್ವಾ, ಈಗ 75. ಅಲ್ಲಿವರೆಗೆ ಮುಟ್ಟಬೇಡಿ, ಬೆಳೀಲಿ." ಪಕ್ಕದಲ್ಲಿ ನಮ್ಮ ಮನೆಯವಳೂ ಇದ್ದಳು. "ರೀ, ಆ ಲೆಟರ್ ಒಂದ್ಸಲ ಪೂರ್ತಿ ಓದಿ" ಅಂದಳು. ನಾನು "ಅವನಿಗಿಂತ ನಿನಗೆ ಗೊತ್ತಾ?" ಅಂದೆ. ಈ ಮಾತಿನ ಬೆಲೆ ಇನ್ನೂ ಕಟ್ಟುತ್ತಿದ್ದೇನೆ.

2025ರ ಜನವರಿಯಲ್ಲಿ ಅದೇ ಕಂಪನಿಯಿಂದ ಎರಡನೇ ಲಕೋಟೆ ಬಂತು. ತೆರೆಯಲೇ ಇಲ್ಲ. ಆಟೊಮ್ಯಾಟಿಕ್ ಲೆಟರ್ ಅಲ್ವಾ? ಫ್ರಿಜ್ ಮೇಲೆ ಇಂಡಿಯನ್ ಅಂಗಡಿಯ ಕ್ಯಾಲೆಂಡರ್ ಕೆಳಗೆ ಬಿದ್ದಿತ್ತು.

ಏಪ್ರಿಲ್ 9ರಂದು ಟ್ಯಾಕ್ಸ್ ಮಾಡಿಸಲು ಹೋದೆ. ಆ ವರ್ಷ ಹೊಸ ಸಿಪಿಎ, ಅಂದರೆ ಲೆಕ್ಕಪರಿಶೋಧಕಿ, ವಯಸ್ಸಾದ ಅಮೆರಿಕನ್ ಹೆಂಗಸು. ಕಾಗದ ತಿರುಗಿಸುತ್ತಾ ನನ್ನ ಹುಟ್ಟಿದ ದಿನದ ಮೇಲೆ ಪೆನ್ಸಿಲ್ ನಿಲ್ಲಿಸಿದಳು. "ನಿಮಗೆ ಹೋದ ಆಗಸ್ಟ್‌ಗೆ 73 ತುಂಬಿದೆ. ಮೊದಲ ಆರ್‌ಎಂಡಿ ತೆಗೆದಿರಾ?"

ನಾನು ದೊಡ್ಡ ಮೇಧಾವಿ ಹಾಗೆ, "ಅದಕ್ಕೆ ಈಗ 75 ಅಲ್ವಾ?" ಅಂದೆ.

ಅವಳು ಕನ್ನಡಕ ತೆಗೆದಳು. ಏನೂ ಹೇಳಲಿಲ್ಲ. ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದ ಹಾಗಿತ್ತು. ಆಮೇಲೆ ಮೆಲ್ಲಗೆ ಹೇಳಿದಳು: 75 ಇರುವುದು 1960 ಮತ್ತು ಆಮೇಲೆ ಹುಟ್ಟಿದವರಿಗೆ. 1951ರಿಂದ 1959ರವರೆಗೆ ಹುಟ್ಟಿದವರಿಗೆ 73. ಮೊದಲನೇ ವರ್ಷದ್ದು ಮಾತ್ರ ಮುಂದಿನ ವರ್ಷದ ಏಪ್ರಿಲ್ 1ರವರೆಗೆ ತೆಗೆಯಬಹುದು. ಅಂದರೆ ನನ್ನ ಕೊನೆ ದಿನ 2025ರ ಏಪ್ರಿಲ್ 1.

ಅವತ್ತು ಏಪ್ರಿಲ್ 9. ಎಂಟು ದಿನ. ಎಂಟೇ ಎಂಟು ದಿನ! ಏಪ್ರಿಲ್ ಒಂದನೇ ತಾರೀಕಿಗೇ ಬೇಸ್ತು ಬಿದ್ದಿದ್ದೆ, ಎಂಟು ದಿನ ಗೊತ್ತೇ ಆಗಿರಲಿಲ್ಲ. ಕಾರಿಗೆ ಬಂದು ಕೂತು ಕೀಲಿ ತಿರುಗಿಸಲಿಲ್ಲ, ಹಾಗೇ ಕೂತಿದ್ದೆ. ದುಡ್ಡು ಹೋಯಿತು ಅಂತಲ್ಲ. ಮನೆಗೆ ಹೋಗಿ ಇವಳಿಗೆ ಹೇಗೆ ಹೇಳುವುದು ಅಂತ.

ಲೆಕ್ಕ ಹೇಳುತ್ತೇನೆ. 2023ರ ಡಿಸೆಂಬರ್ 31ಕ್ಕೆ ಐಆರ್‌ಎಯಲ್ಲಿ ಇದ್ದದ್ದು ಸುಮಾರು 4 ಲಕ್ಷ 24 ಸಾವಿರ ಡಾಲರ್. ಸರ್ಕಾರದ ಪಟ್ಟಿಯ ಪ್ರಕಾರ 73ನೇ ವಯಸ್ಸಿಗೆ ಅದನ್ನು 26.5ರಿಂದ ಭಾಗಿಸಬೇಕು. 16 ಸಾವಿರ ಬಂತು. ಅಷ್ಟು ತೆಗೆಯಬೇಕಿತ್ತು, ತೆಗೆಯಲಿಲ್ಲ. ತೆಗೆಯದ್ದಕ್ಕೆ ದಂಡ ಶೇ. 25, ಅಂದರೆ 4 ಸಾವಿರ ಡಾಲರ್. ಬೇಗ ಎಚ್ಚೆತ್ತು ಎರಡು ವರ್ಷದ ಗಡುವಿನೊಳಗೆ ಸರಿ ಮಾಡಿದರೆ ಶೇ. 10, ಅಂದರೆ 1,600. 2022ರವರೆಗೆ ದಂಡ ಅರ್ಧಕ್ಕರ್ಧ ಇತ್ತಂತೆ. ನಾನು ಅದೃಷ್ಟವಂತ ಅಂತ ಸಿಪಿಎ ಸಮಾಧಾನ ಹೇಳಿದಳು. ಏನು ಅದೃಷ್ಟವೋ.

ಇಷ್ಟಕ್ಕೇ ಮುಗಿಯಲ್ಲ. 2025ರ ಆರ್‌ಎಂಡಿ ಅದೇ ಡಿಸೆಂಬರ್ 31ರೊಳಗೆ ಬೇರೆಯೇ ತೆಗೆಯಬೇಕಿತ್ತು. ಇದಕ್ಕೆ ಏಪ್ರಿಲ್ ರಿಯಾಯಿತಿ ಇಲ್ಲ, ಆ ಸೌಲಭ್ಯ ಜೀವನದಲ್ಲಿ ಒಂದೇ ಸಲ. 74ಕ್ಕೆ ಭಾಜಕ 25.5, ಖಾತೆ ಬೆಳೆದಿತ್ತು, 18 ಸಾವಿರ ಆಯಿತು. ಎರಡೂ ಸೇರಿ ಒಂದೇ ವರ್ಷಕ್ಕೆ 34 ಸಾವಿರ ಆದಾಯ. ಅದರಿಂದ ಸೋಶಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರದ ಪಿಂಚಣಿಯ ಮೇಲಿನ ಟ್ಯಾಕ್ಸ್ ಕೂಡ ಏರಿತು. ಹೆಂಡತಿ ಹತ್ತು ವರ್ಷಕ್ಕಿಂತ ಜಾಸ್ತಿ ಚಿಕ್ಕವಳಾಗಿ, ಅವಳೊಬ್ಬಳೇ ನಾಮಿನಿಯಾಗಿದ್ದರೆ ಬೇರೆ ಪಟ್ಟಿ, ಕಡಿಮೆ ತೆಗೆದರೆ ಸಾಕು. ನಮ್ಮದು ಒಂಬತ್ತು ವರ್ಷದ ಅಂತರ. ಎಲ್ಲದರಲ್ಲೂ ಒಂದು ಕೂದಲೆಳೆ ಆಚೆ.

ಈಗ ಆ ಪುಣ್ಯಾತ್ಮನ ಉತ್ತರಗಳನ್ನು ಕೇಳಿ. ನನಗೆ ದಂಡಕ್ಕಿಂತ ಇವೇ ಜಾಸ್ತಿ ಉರಿಸಿದ್ದು.

ಸಂಜೆಯೇ ಫೋನ್ ಮಾಡಿದೆ. ಮೊದಲು ನಕ್ಕ. "ಹೌದಾ ಅಂಕಲ್? ಇರಿ, ಚೆಕ್ ಮಾಡ್ತೀನಿ." ಎರಡು ದಿನ ಸುದ್ದಿ ಇಲ್ಲ. ನಾನೇ ಮತ್ತೆ ಮಾಡಿದೆ.

"ಅಂಕಲ್, 75 ಅಂತ ನಾನು ಹೇಳಿದ್ದು ಆಂಟಿಗೆ."

"ಏನಪ್ಪಾ?"

"ಆಂಟಿ 1960 ಅಲ್ವಾ? ಅವರಿಗೆ 75. ಅವರೂ ಅಲ್ಲೇ ನಿಂತಿದ್ರಲ್ಲ. ನೀವು ನಿಮಗೆ ಅಂತ ತಿಳ್ಕೊಂಡ್ರಿ."

ನನಗೆ ಮಾತೇ ಹೊರಡಲಿಲ್ಲ. ಕೇಳಿದವನು ನಾನು, ಲೆಟರ್ ಬಂದದ್ದು ನನಗೆ, ಉತ್ತರ ಮಾತ್ರ ಆಂಟಿಗಂತೆ! ಅವಳಿಗೆ 75 ಆಗುವುದು 2035ಕ್ಕೆ. ಹತ್ತು ವರ್ಷ ಆಚೆಯ ವಿಷಯವನ್ನು ಒಬ್ಬಟ್ಟು ತಿನ್ನುತ್ತಾ ಅವಳಿಗೆ ಯಾಕೆ ಹೇಳುತ್ತಾನೆ? ಎದುರಿಗೇ ಸುಳ್ಳು. ಫೋನ್ ಸ್ಪೀಕರ್‌ನಲ್ಲಿತ್ತು. ಇವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ನನ್ನ ಹೆಸರು ಯಾಕಪ್ಪಾ ತರ್ತೀಯಾ, ಓದಿ ಅಂತ ಹೇಳಿದ್ದೇ ನಾನು" ಅಂದಳು. ಆ ಕಡೆ ಸದ್ದಿಲ್ಲ.

ಆಮೇಲೆ ಒಂದೊಂದಾಗಿ ಬಂದವು. "ನಾನು ಜನರಲ್ ಆಗಿ ಹೇಳಿದ್ದು." "ನಾವು ಟ್ಯಾಕ್ಸ್ ಸಲಹೆ ಕೊಡಲ್ಲ ಅಂಕಲ್, ನೀವು ಸೈನ್ ಮಾಡಿದ ಪೇಪರ್‌ನಲ್ಲಿದೆ." ಹೌದು, ಇದೆ. ಹದಿನಾಲ್ಕನೇ ಪುಟದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. "ಸಾವಿರದ ಆರುನೂರು ತಾನೇ ಅಂಕಲ್, ನಿಮ್ಮ ಪೋರ್ಟ್‌ಫೋಲಿಯೊಗೆ ಏನೂ ಅಲ್ಲ." ಈ ಮಾತಿಗೆ ಮಾತ್ರ ನಾನು ಫೋನ್ ಇಟ್ಟುಬಿಟ್ಟೆ. ಕೊನೆಗೆ ಅವನ ಆಫೀಸಿನಿಂದ ಇಮೇಲ್: ಸರಿಯಾದ ಸಮಯಕ್ಕೆ ಹಣ ತೆಗೆಯುವ ಹೊಣೆ ಖಾತೆದಾರರದೇ. ಇದೊಂದು ನಿಜ. ಐಆರ್‌ಎಸ್ ಹಿಡಿಯುವುದು ನಿಮ್ಮನ್ನೇ, ಒಬ್ಬಟ್ಟು ತಿಂದವನನ್ನಲ್ಲ.

ಯಾಕೆ ಹೀಗೆ ಹೇಳಿದ ಅಂತ ತುಂಬಾ ಯೋಚಿಸಿದೆ. ಆ 16 ಸಾವಿರ ಖಾತೆಯಲ್ಲೇ ಉಳಿದರೆ ಅವನ ಫೀಸು ವರ್ಷಕ್ಕೆ 176 ಡಾಲರ್. 176 ಡಾಲರಿಗೆ ನನ್ನನ್ನು ಮಾರಿದನಾ? ಅಷ್ಟು ಲೆಕ್ಕಾಚಾರ ಇರಲಿಕ್ಕಿಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿಲ್ಲ ಅಂತ ಹೇಳಲು ನಾಲಿಗೆ ಬರಲಿಲ್ಲ. ಮೋಸ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಗೊಂದಲ ಆಗುವುದಕ್ಕೂ ಕಾರಣ ಇದೆ, ಒಪ್ಪುತ್ತೇನೆ. ನಮಗಿಂತ ಹಿರಿಯರಿಗೆ ಎಪ್ಪತ್ತೂವರೆ ಇತ್ತು. 2019ರ ಕೊನೆಯಲ್ಲಿ ಕಾನೂನು ಬಂದು 72 ಆಯಿತು. 2022ರ ಡಿಸೆಂಬರ್‌ನಲ್ಲಿ ಇನ್ನೊಂದು ಬಂದು 2023ರಿಂದ 73, ಮುಂದೆ 2033ರಿಂದ 75. ಪಾರ್ಕಿನಲ್ಲಿ ವಾಕ್ ಮಾಡುವ ನಮ್ಮ ಗುಂಪಿನಲ್ಲಿ ಐದು ಜನ ಇದ್ದರೆ ಐದು ನಂಬರ್ ಹೇಳುತ್ತಾರೆ. ಎಲ್ಲರೂ ಧೈರ್ಯವಾಗಿ ಹೇಳುತ್ತಾರೆ, ಅದೇ ಸಮಸ್ಯೆ.

ನನ್ನದು ಇಷ್ಟೇ. ನಿಮ್ಮ ಹುಟ್ಟಿದ ಇಸವಿ ಇಟ್ಟುಕೊಂಡು ನೀವೇ ನೋಡಿ. ಐಆರ್‌ಎಸ್‌ನ 590-ಬಿ ಅನ್ನುವ ಪುಸ್ತಿಕೆಯಲ್ಲಿ ಎಲ್ಲಾ ಇದೆ, ದುಡ್ಡು ಕೊಡಬೇಕಿಲ್ಲ. ಜನವರಿಯಲ್ಲಿ ಬರುವ ಕಾಗದ ಎಸೆಯಬೇಡಿ. ಮೊದಲನೆಯದನ್ನು ಏಪ್ರಿಲ್‌ವರೆಗೆ ಎಳೆದರೆ ಆ ವರ್ಷ ಎರಡು ತೆಗೆಯಬೇಕಾಗುತ್ತೆ, ಯೋಚಿಸಿ. ಹಳೇ ಕಂಪನಿಯ 401ಕೆ ಇನ್ನೂ ಇದ್ದರೆ ಅದರದ್ದು ಅದರಿಂದಲೇ ತೆಗೆಯಬೇಕು. ಷಿಕಾಗೋದ ನನ್ನ ಗೆಳೆಯ ಎಲ್ಲವನ್ನೂ ಒಟ್ಟುಗೂಡಿಸಿ ಐಆರ್‌ಎಯಿಂದ ತೆಗೆದು ಸಿಕ್ಕಿಬಿದ್ದ. ಐಆರ್‌ಎಗಳು ಎಷ್ಟಿದ್ದರೂ ಒಂದರಿಂದ ತೆಗೆಯಬಹುದು, 401ಕೆಗೆ ಆ ಲೆಕ್ಕ ನಡೆಯಲ್ಲ. ರಾತ್ ಐಆರ್‌ಎ (ಮೊದಲೇ ಟ್ಯಾಕ್ಸ್ ಕಟ್ಟಿದ ದುಡ್ಡು ಹಾಕುವ ಖಾತೆ) ಇದ್ದವರಿಗೆ ಬದುಕಿರುವವರೆಗೆ ಈ ತಲೆನೋವೇ ಇಲ್ಲ, ಹೊಟ್ಟೆಕಿಚ್ಚಾಗುತ್ತೆ. ಮೈಸೂರಿಗೆ, ಬೆಂಗಳೂರಿಗೆ ವಾಪಸ್ ಹೋಗಿ ಆರಾಮಾಗಿರುವವರೇ, ಐಆರ್‌ಎ ಇಲ್ಲಿದ್ದರೆ ನಿಮಗೂ ಬಿಟ್ಟಿದ್ದಲ್ಲ. ಆ ಕಾಗದ ನಿಮ್ಮ ಹಳೇ ಮನೆ ವಿಳಾಸಕ್ಕೆ ಬಂದು ಬಿದ್ದಿರುತ್ತೆ, ವಿಳಾಸ ಬದಲಾಯಿಸಿ. ಮತ್ತೆ ಊಟದ ಸಾಲಿನಲ್ಲಿ ನಿಂತು ದುಡ್ಡಿನ ವಿಷಯ ಕೇಳಬೇಡಿ. ಬರೆದು ಕೇಳಿ, ಬರೆದೇ ಉತ್ತರ ಪಡೆಯಿರಿ.

ಮೊದಲ 16 ಸಾವಿರವನ್ನು ಏಪ್ರಿಲ್‌ನಲ್ಲೇ, ಗೊತ್ತಾದ ವಾರವೇ ತೆಗೆದೆ. 18 ಸಾವಿರವನ್ನು ಡಿಸೆಂಬರ್‌ಗೆ ಕಾಯದೆ ಅಕ್ಟೋಬರ್‌ನಲ್ಲೇ ತೆಗೆದಾಯಿತು. ದಂಡ ಮನ್ನಾ ಮಾಡಿ ಅಂತ ಕೇಳಲು 5329 ಅನ್ನುವ ಫಾರಂ ಇದೆ. ತಪ್ಪು ಹೇಗಾಯಿತು, ಹೇಗೆ ಸರಿಮಾಡಿದೆ ಅಂತ ಒಂದು ಪತ್ರ ಬರೆದು ಜೊತೆಗಿಡಬೇಕು. ಮುಂದಿನ ವರ್ಷದ ರಿಟರ್ನ್ ಜೊತೆ ಹೋಗುತ್ತೆ. ನಾನು ತಪ್ಪು ಸಲಹೆ ಕೊಟ್ಟೆ ಅಂತ ಎರಡು ಸಾಲು ಬರೆದುಕೊಡಪ್ಪಾ ಅಂತ ಅವನನ್ನು ಕೇಳಿದ್ದೆ. "ಕಂಪ್ಲಯನ್ಸ್‌ನವರು ಒಪ್ಪಲ್ಲ ಅಂಕಲ್" ಅಂದ. ಅವನ ಆಫೀಸಿನಲ್ಲಿ ನಿಯಮ ಪಾಲನೆ ನೋಡುವವರಂತೆ. ಸರಿ, ಆ 9.42ರ ಮೆಸೇಜು, ಹೆಬ್ಬೆರಳಿನ ಸಮೇತ, ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ. ಶನಿವಾರ ಊಟದ ಸಾಲಿನಲ್ಲೇ, ಆ ಹಿರಿಯರ ಮುಂದೆ, ಅವನಿಗೆ ಅದನ್ನು ಹೇಳಿಯೂ ಬಿಟ್ಟೆ. ಚಿರೋಟಿಗೆ ಹಾಲು ಹಾಕಿಸಿಕೊಳ್ಳುತ್ತಿದ್ದವನು ಹಾಗೇ ನಿಂತ.

ನಿನ್ನೆ ರಾತ್ರಿ ವಾಟ್ಸಾಪ್ ಬಂತು. "ಅಂಕಲ್, ಆ ಪ್ರಿಂಟ್‌ನಲ್ಲಿ ನನ್ನ ಹೆಸರು, ನಂಬರ್ ಕಾಣದ ಹಾಗೆ ಮಾಡ್ತೀರಾ ಪ್ಲೀಸ್?"

ಓದಿದ್ದೇನೆ. ನೀಲಿ ಗೀಟು ಬಿದ್ದಿದೆ. ಉತ್ತರ ಕೊಟ್ಟಿಲ್ಲ.