‘ಚಾರ್ಲಿ ಥರದ ಮರಿ’: ಬೆಂಗಳೂರಿನ ಲ್ಯಾಬ್ರಡಾರ್ ಮಾರಾಟವನ್ನು ಎಷ್ಟು ನಂಬಬಹುದು?

‘777 ಚಾರ್ಲಿ’ ತೆರೆಕಂಡದ್ದು 2022ರ ಜೂನ್ 10ರಂದು. ಅಲ್ಲಿಂದೀಚೆಗೆ ಮರಿ ಹುಡುಕುವವರ ಬಾಯಲ್ಲಿ ‘ಚಾರ್ಲಿ ಥರದ್ದು ಸಿಗುತ್ತಾ?’ ಅನ್ನುವುದು ಮಾಮೂಲಿ ಮಾತು. ಅವರಿಗೆ ಬೇಕಾದ್ದು ಫಾನ್ ಬಣ್ಣದ ಲ್ಯಾಬ್ರಡಾರ್. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಆದರೆ ಆ ಸಿನಿಮಾದಲ್ಲಿ ಚಾರ್ಲಿ ಕ್ರೂರಿ ಬ್ರೀಡರೊಬ್ಬನ ಕೈಯಿಂದ ತಪ್ಪಿಸಿಕೊಂಡು ಬಂದ ನಾಯಿ. ಅದಕ್ಕೆ ಬರುವ ಹೆಮಾಂಜಿಯೋಸಾರ್ಕೋಮಾ, ಅಂದರೆ ರಕ್ತನಾಳದ ಕ್ಯಾನ್ಸರ್, ರಕ್ತಸಂಬಂಧದೊಳಗೇ ಮರಿ ಹಾಕಿಸಿದ್ದರ ಫಲ ಎನ್ನುತ್ತದೆ ಚಿತ್ರ. ಹಾಗಾಗಿ ಇಲ್ಲಿಯ ಮರಿ ಮಾರಾಟವನ್ನು ಆ ಅಳತೆಯಲ್ಲೇ ಅಳೆಯೋಣ: ಮರಿ ಎಲ್ಲಿ ಹುಟ್ಟಿತು, ತಾಯಿ ಹೇಗಿದೆ, ಕಾಗದದಲ್ಲಿ ಏನಿದೆ.

ಸಿನಿಮಾದಿಂದ ತಳಿಗೆ ಬೇಡಿಕೆ ಹುಟ್ಟುವುದು ಹೊಸದಲ್ಲ. ಅಮೆರಿಕದಲ್ಲಿ 87 ಸಿನಿಮಾಗಳನ್ನೂ ಅಲ್ಲಿ ತಳಿ ನಾಯಿಗಳನ್ನು ದಾಖಲಿಸುವ ಕೆನಲ್ ಕ್ಲಬ್ಬಿನ ನೋಂದಣಿಗಳನ್ನೂ ಎದುರುಬದುರು ಇಟ್ಟು ನೋಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಚಿತ್ರ ಬಂದ ಮೇಲೆ ಹತ್ತು ವರ್ಷದವರೆಗೂ ಆ ತಳಿಯ ಬೇಡಿಕೆ ಏರಿಕೆಯಲ್ಲೇ ಇರಬಹುದು ಎಂಬುದು ಅದರಲ್ಲಿ ಕಂಡ ಮುಖ್ಯ ಸಂಗತಿ. 1943ರ ಲ್ಯಾಸಿ ಚಿತ್ರದ ನಂತರದ ಎರಡು ವರ್ಷಗಳಲ್ಲಿ ಕೋಲಿ ನಾಯಿಗಳ ನೋಂದಣಿ ಶೇ 40ರಷ್ಟು ಹೆಚ್ಚಿತು. ಡಾಲ್ಮೇಷಿಯನ್ ಕಥೆ ಇನ್ನೂ ಕಹಿ. ನೂರೊಂದು ನಾಯಿಗಳ ಆ ಡಿಸ್ನಿ ಚಿತ್ರ 1985ರಲ್ಲಿ ಮರುಬಿಡುಗಡೆಯಾದ ಮೇಲೆ, ವರ್ಷಕ್ಕೆ 8,170 ಇದ್ದ ನೋಂದಣಿ ಕೆಲವೇ ವರ್ಷಗಳಲ್ಲಿ 42,816ಕ್ಕೆ ಹೋಯಿತು. ಈ ತಳಿಯಲ್ಲಿ ಹುಟ್ಟುಗಿವುಡು ಹೆಚ್ಚು, ಮೂತ್ರದಲ್ಲಿ ಯೂರೇಟ್ ಕಲ್ಲಿನ ತೊಂದರೆಯೂ ಇದೆ, ಓಡಾಟ ವಿಪರೀತ ಬೇಕು. ಚುಕ್ಕೆ ನೋಡಿ ತಂದವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನಮ್ಮಲ್ಲಿ ಇದೇ ಕೆಲಸ ಮಾಡಿದ್ದು ಸಿನಿಮಾ ಅಲ್ಲ, 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನ ಪಗ್. ಚಪ್ಪಟೆ ಮೂತಿಯ ಆ ನಾಯಿಗೆ ಉಸಿರಾಟವೇ ಕಷ್ಟ; ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷ ನಡೆಸಿದರೂ ಏದುಸಿರು.

ಲ್ಯಾಬ್ರಡಾರ್ ಅಷ್ಟು ಬಡಪಾಯಿ ತಳಿಯಲ್ಲ, ಈ ಹವಾಮಾನಕ್ಕೂ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಕೆಟ್ಟಿರುವುದು ಮಾರಾಟದ ದಾರಿ.

ಮೊದಲು ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಮೂರು ನಾಲ್ಕು ತಳಿಯ ಮರಿಗಳನ್ನು ಒಟ್ಟಿಗೆ ಇಟ್ಟಿರುವ ಅಂಗಡಿಯಿಂದ ಮರಿ ತರಲೇಬೇಡಿ. ಬೇರೆ ಬೇರೆ ಕಡೆಯಿಂದ ಬಂದ, ಲಸಿಕೆ ಅರ್ಧಂಬರ್ಧ ಆದ ಮರಿಗಳು ಒಂದೇ ಕಡೆ ಇದ್ದರೆ ಪಾರ್ವೊ, ಅಂದರೆ ಮರಿಗಳ ಕರುಳಿಗೆ ತಗುಲುವ ವೈರಸ್ ರೋಗ, ಹರಡಲು ಮತ್ತೇನೂ ಬೇಕಿಲ್ಲ. ಸೋಂಕು ತಗುಲಿದ ಮೂರರಿಂದ ಏಳು ದಿನದೊಳಗೆ ಸಾಮಾನ್ಯವಾಗಿ ವಾಂತಿ, ರಕ್ತಭೇದಿ ಶುರುವಾಗುತ್ತದೆ. ಮರಿ ಮನೆಗೆ ಬಂದ ಎರಡು ಮೂರು ದಿನಕ್ಕೇ ಹಾಗಾದರೆ ಸೋಂಕು ಹತ್ತಿದ್ದು ಹೆಚ್ಚಾಗಿ ಮನೆಗೆ ಬರುವ ಮೊದಲೇ. ‘ನೀವು ಹಾಲು ಕುಡಿಸಿದ್ರಿ, ಅದಕ್ಕೇ ಹೀಗಾಯ್ತು’ ಎಂಬ ಉತ್ತರ ಆಗ ಸಿದ್ಧವಾಗಿರುತ್ತದೆ. ತಾಯಿ ಎಲ್ಲಿ ಎಂದು ಕೇಳಿದರೆ ಯಾವ ಅಂಗಡಿಯವರೂ ತೋರಿಸಲಾರರು.

ಆನ್‌ಲೈನ್ ಜಾಹೀರಾತು ಅದಕ್ಕಿಂತ ಕೆಳಗೆ. ‘ಹೆವಿ ಬೋನ್’, ‘ಚಾಂಪಿಯನ್ ಬ್ಲಡ್‌ಲೈನ್’, ‘ಶೋ ಕ್ವಾಲಿಟಿ’ ಎಂಬ ಮಾತುಗಳಿಗೆ ಅಲ್ಲಿ ಯಾವ ಆಧಾರವೂ ಇರುವುದಿಲ್ಲ. ಒಂದೇ ಫೋಟೊ ಮೂರು ಊರಿನ ಮೂರು ನಂಬರಿನಲ್ಲಿ ಕಾಣುತ್ತದೆ. ಫೋಟೊವನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದರೆ ಬಯಲಾಗುತ್ತದೆ. ಅಡ್ವಾನ್ಸ್ ಹಾಕಿದರೆ ಮನೆಬಾಗಿಲಿಗೆ ಕಳಿಸುತ್ತೇವೆ ಅನ್ನುವವರ ಜೊತೆ ಮಾತು ಮುಂದುವರಿಸಬೇಕಿಲ್ಲ.

ಉಳಿದದ್ದು ಮನೆಯಲ್ಲೇ ಮರಿ ಮಾಡಿಸುವ ಬ್ರೀಡರ್‌ಗಳು. ಒಳ್ಳೆಯವರು, ಕೆಟ್ಟವರು ಇಬ್ಬರೂ ಇರುವುದು ಇಲ್ಲಿಯೇ, ಆದ್ದರಿಂದ ಸರಿಯಾಗಿ ನೋಡಬೇಕಾದ್ದೂ ಇಲ್ಲಿಯೇ. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹೆಣ್ಣುನಾಯಿಗೆ 18 ತಿಂಗಳು ತುಂಬಿರಬೇಕು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಕೂಡದು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿ. ತೋರಿಸಲು ತಡವರಿಸಿದರೆ ಅಲ್ಲಿಂದ ಹೊರಡಿ.

ಎಂಟು ವಾರದ ನಿಯಮವನ್ನು ಮಾರುಕಟ್ಟೆ ರಾಜಾರೋಷವಾಗಿ ಮುರಿಯುತ್ತದೆ. ‘45 ದಿನದ ಮರಿ’ ಎಂಬುದು ವ್ಯಾಪಾರದ ಲೆಕ್ಕ. ಎಷ್ಟೋ ಸಲ 30 ದಿನಕ್ಕೇ ಕೊಟ್ಟುಬಿಡುತ್ತಾರೆ, ಪುಟ್ಟದಿದ್ದಷ್ಟೂ ಮುದ್ದು ಕಾಣುತ್ತದೆ ಎಂದು. ಕಚ್ಚುವಾಗ ಎಷ್ಟು ಬಲ ಹಾಕಬೇಕು ಎಂಬುದನ್ನು ಮರಿ ಕಲಿಯುವುದು ಐದರಿಂದ ಎಂಟನೇ ವಾರದಲ್ಲಿ, ಒಡಹುಟ್ಟಿದವುಗಳ ಜೊತೆ ಆಡುತ್ತಾ. ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟ ನಿಲ್ಲಿಸುತ್ತದೆ, ತಾಯಿ ಗದರುತ್ತದೆ. ಆ ಮೂರು ವಾರ ತಪ್ಪಿದ ಲ್ಯಾಬ್ ನಾಲ್ಕು ತಿಂಗಳಿಗೆ ಕೈ, ಪಂಚೆ, ಮಕ್ಕಳ ಕಾಲು ಎಲ್ಲಕ್ಕೂ ಬಾಯಿ ಹಾಕುತ್ತದೆ. ತೆರೆಯ ಮೇಲಿನ ಚಾರ್ಲಿಯ ಹಿಂದೆ ಪ್ರಮೋದ್ ಬಿ.ಸಿ. ಎಂಬ ತರಬೇತುದಾರರ ದೀರ್ಘ ಶ್ರಮವಿದೆ ಎಂಬುದನ್ನು ಕೊಳ್ಳುವವರು ಮರೆತುಬಿಡುತ್ತಾರೆ.

ಇನ್ನು ಕಾಗದ. ‘ಪೇಪರ್ ಬೇಡ ಅಂದ್ರೆ ಕಡಿಮೆಗೆ ಕೊಡ್ತೀನಿ’ ಅನ್ನುವವರು ಬಹಳ. ಹಣ ಉಳಿಸಲು ಹೋಗಿ ಕಳೆದುಕೊಳ್ಳುವುದು ಮರಿಯ ವಂಶಾವಳಿಯನ್ನು. ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ, ಕೊಡುವ ಪ್ರಮಾಣಪತ್ರದಲ್ಲಿ ತಂದೆ, ತಾಯಿ, ಅಜ್ಜ, ಅಜ್ಜಿ, ಮುತ್ತಜ್ಜರ ಹೆಸರು ಸಾಲಾಗಿ ಇರುತ್ತವೆ. ಎಡ ಬದಿಯಿಂದ ಓದುತ್ತಾ ಹೋಗಿ. ತಂದೆಯ ಕಡೆ ಇರುವ ಹೆಸರೇ ತಾಯಿಯ ಕಡೆಯೂ ಇದೆಯೇ ನೋಡಿ. ಒಂದೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಎರಡು ನಾಯಿಗಳನ್ನು ಕೂಡಿಸಿದ್ದರೆ ಮರಿಯ ಒಳಸಂಬಂಧದ ಪ್ರಮಾಣ ಶೇ 12.5, ಒಡಹುಟ್ಟಿದವು ಅಥವಾ ತಂದೆ-ಮಗಳಾಗಿದ್ದರೆ ಶೇ 25. ಕೆಡುಕಿನ ಜೀನ್ ಎರಡೂ ಕಡೆಯಿಂದ ಬಂದು ಜೋಡಿಯಾಗುವ ಸಾಧ್ಯತೆ ಅಷ್ಟರಮಟ್ಟಿಗೆ ಏರುತ್ತದೆ. ಅಜ್ಜ-ಅಜ್ಜಿಯರ ಸಾಲಿನವರೆಗೆ ಒಂದು ಹೆಸರೂ ಮರುಕಳಿಸದಿದ್ದರೆ ಮುಂದಿನ ಮಾತು ಆಡಬಹುದು.

ಆದರೆ ಕೆಸಿಐ ಕಾಗದ ಆರೋಗ್ಯದ ಗ್ಯಾರಂಟಿ ಅಲ್ಲ. ಅದು ಬ್ರೀಡರ್ ಹೇಳಿದ ವಂಶದ ದಾಖಲೆ, ಅಷ್ಟೇ. ಮರಿಗೆ ಹಾಕಿದ ಮೈಕ್ರೊಚಿಪ್‌ನ 15 ಅಂಕಿಯನ್ನು ಪಶುವೈದ್ಯರ ಸ್ಕ್ಯಾನರ್‌ನಲ್ಲಿ ಓದಿಸಿ, ಕಾಗದದ ಸಂಖ್ಯೆಗೆ ತಾಳೆ ಹಾಕಿ. ಕಾಗದ ಒಂದು ಮರಿಯದು, ಕೈಗೆ ಬಂದದ್ದು ಇನ್ನೊಂದು ಆಗುವುದು ಇಲ್ಲಿಯೇ ಸಿಕ್ಕಿಬೀಳುತ್ತದೆ. ಮಾಲೀಕತ್ವ ವರ್ಗಾವಣೆಯ ಅರ್ಜಿಗೆ ಬ್ರೀಡರ್ ಸಹಿಯನ್ನು ಅಂದೇ ಹಾಕಿಸಿಕೊಳ್ಳಿ. ಆಮೇಲೆ ಫೋನ್ ಎತ್ತುವುದಿಲ್ಲ.

ಆರೋಗ್ಯಕ್ಕೆ ಕೇಳಬೇಕಾದ ಕಾಗದ ಬೇರೆ: ತಂದೆ-ತಾಯಿಗಳ ಸೊಂಟದ ಎಕ್ಸ್‌ರೇ, ಎರಡು ವರ್ಷ ತುಂಬಿದ ಮೇಲೆ ತೆಗೆದದ್ದು. ಲ್ಯಾಬ್‌ಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾ ಹೆಚ್ಚು: ತೊಡೆಮೂಳೆಯ ತಲೆ ಗುಳಿಯಲ್ಲಿ ಸರಿಯಾಗಿ ಕೂರದೆ ಸವೆಯುತ್ತದೆ, ನಾಯಿ ಮೊಲದ ಹಾಗೆ ಹಿಂಗಾಲು ಜೋಡಿಸಿ ಓಡುತ್ತದೆ, ಏಳುವಾಗ ಒದ್ದಾಡುತ್ತದೆ. ಎಕ್ಸ್‌ರೇ ಇಟ್ಟುಕೊಂಡಿರುವ ಬ್ರೀಡರ್ ಇಲ್ಲಿ ಅಪರೂಪ. ಇದ್ದವರಿಗೆ ಹೆಚ್ಚು ಬೆಲೆ ಕೊಡುವುದು ನ್ಯಾಯ.

ತಾಯಿಯನ್ನು ಅದು ಇರುವ ಜಾಗದಲ್ಲೇ ನೋಡಿ, ಗೇಟಿಗೆ ಕರೆತಂದು ತೋರಿಸಿದರೆ ಸಾಲದು. ಹೆತ್ತ ಎರಡು ತಿಂಗಳಿಗೆ ಕೂದಲು ಉದುರಿ ಸ್ವಲ್ಪ ಸೊರಗಿರುವುದು ಸಹಜ. ಮೊಣಕೈಯಲ್ಲಿ ಹುಣ್ಣಾದ ಜಡ್ಡು, ಮಡಚಿಕೊಂಡಷ್ಟು ಬೆಳೆದ ಉಗುರು, ಮೂತ್ರ ನೆನೆದು ಹಳದಿಯಾದ ಪಾದ ಕಂಡರೆ ಆ ನಾಯಿ ಸಿಮೆಂಟ್ ಗೂಡು ಬಿಟ್ಟು ಹೊರಬಂದೇ ಇಲ್ಲ ಎಂದರ್ಥ. ಮಾಲೀಕ ಕೈ ಎತ್ತಿದರೆ ಬಾಲ ಆಡಿಸುತ್ತದೋ, ಹೊಟ್ಟೆ ನೆಲಕ್ಕೆ ಒತ್ತುತ್ತದೋ, ಅದನ್ನೂ ಗಮನಿಸಿ.

ಲಸಿಕೆ ಪುಸ್ತಕದಲ್ಲಿ ಬಾಟಲಿಯಿಂದ ಕಿತ್ತು ಅಂಟಿಸಿದ ಚೀಟಿ, ಬ್ಯಾಚ್ ನಂಬರ್, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಚೀಟಿ ಮಾತ್ರ ಇದ್ದು ಸಹಿ ಇಲ್ಲದಿದ್ದರೆ ಮಾರುವವರೇ ಚುಚ್ಚಿರುವ ಸಾಧ್ಯತೆ ಹೆಚ್ಚು. 2ರಿಂದ 8 ಡಿಗ್ರಿಯಲ್ಲಿ ಇಡದ ಲಸಿಕೆ ಚುಚ್ಚಿಯೂ ಪ್ರಯೋಜನವಿಲ್ಲ.

ಹೋಲಿಸಿ ನೋಡಿದರೆ ಹೆಚ್ಚಿನ ಮನೆಗಳಿಗೆ ನಾವು ಸೂಚಿಸುವುದು ಮರಿಯನ್ನೇ ಅಲ್ಲ, ಎರಡು ಮೂರು ವರ್ಷದ, ಯಾರೋ ಬಿಟ್ಟುಹೋದ ಲ್ಯಾಬ್ ಅನ್ನು. ಬೆಂಗಳೂರಿನ ಕ್ಯೂಪಾದಂಥ ಪ್ರಾಣಿ ಕಲ್ಯಾಣ ಸಂಸ್ಥೆಗಳ ಮೂಲಕ ಇಂಥ ನಾಯಿಗಳು ಹೊಸ ಮನೆ ಸೇರುತ್ತವೆ. ಅದರ ಗುಣ, ಸೊಂಟ, ಮಕ್ಕಳ ಜೊತೆಗಿನ ನಡವಳಿಕೆ ಎಲ್ಲ ಕಣ್ಣೆದುರೇ ಇರುತ್ತದೆ. ಮರಿಯಲ್ಲಿ ಅದೆಲ್ಲ ಊಹೆ. ದತ್ತು ಕೊಡುವ ಮುನ್ನ ಸಂಸ್ಥೆಯವರು ನಿಮ್ಮನ್ನೇ ನೂರು ಪ್ರಶ್ನೆ ಕೇಳಿದರೆ ಬೇಸರಿಸಬೇಡಿ, ಒಳ್ಳೆಯ ಬ್ರೀಡರ್ ಕೂಡ ಅಷ್ಟೇ ಕೇಳುತ್ತಾರೆ.

ಮರಿಯನ್ನು ಈಗಾಗಲೇ ತಂದಾಗಿದ್ದರೆ, ಎರಡು ದಿನದೊಳಗೆ ವೈದ್ಯರಿಗೆ ತೋರಿಸಿ, ಮಲ ಪರೀಕ್ಷೆ ಮಾಡಿಸಿ. ಲಸಿಕೆ 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ, ರೇಬೀಸ್ ಮೂರು ತಿಂಗಳಿಗೆ. ಟೈಲ್ಸ್ ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿ. ಜಾರಿ ಬೀಳುವುದು ಬೆಳೆಯುವ ಕೀಲುಗಳಿಗೆ ಕೆಟ್ಟದ್ದು. ಎಲ್ಲಕ್ಕಿಂತ ಹೆಚ್ಚಾಗಿ ಊಟ ಅಳೆದು ಹಾಕಿ. 48 ಲ್ಯಾಬ್ರಡಾರ್‌ಗಳನ್ನು ಮರಿಯಾಗಿದ್ದಾಗಿನಿಂದ ಕೊನೆಯವರೆಗೆ ಗಮನಿಸಿದ ಅಧ್ಯಯನದಲ್ಲಿ, ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸುಮಾರು 13 ವರ್ಷ ಬದುಕಿದವು, ಉಳಿದವು 11.2 ವರ್ಷ. ಕೆಲವು ಲ್ಯಾಬ್‌ಗಳಿಗೆ ಹೊಟ್ಟೆ ತುಂಬಿದ್ದೇ ತಿಳಿಯದಂಥ ಜೀನ್ ದೋಷ ಇರುತ್ತದೆ, ಆದ್ದರಿಂದ ಅದರ ಕಣ್ಣು ನೋಡಿ ಬಡಿಸಬೇಡಿ. ವಾರಕ್ಕೊಮ್ಮೆ ಪಕ್ಕೆಯ ಮೇಲೆ ಬೆರಳಾಡಿಸಿ: ಒತ್ತದೆಯೇ ಎಲುಬು ಕೈಗೆ ಸಿಗಬೇಕು. ಸಿಗದಿದ್ದರೆ ಮರುದಿನದಿಂದಲೇ ಹತ್ತನೇ ಒಂದು ಭಾಗ ಇಳಿಸಿ, ದೋಸೆ-ಬಿಸ್ಕತ್ತು ಪೂರ್ತಿ ನಿಲ್ಲಿಸಿ.