ಕೊಕೊಪೀಟ್ ಟ್ರೇಯೋ, ಮಣ್ಣು ತುಂಬಿದ ಲೋಟವೋ: ಮನೆಯೊಳಗೆ ಟೊಮೆಟೊ ಸಸಿ ಬೆಳೆಸಿದ ಹೋಲಿಕೆ

ಕೋಲಾರದ ಸುತ್ತಮುತ್ತ ಟೊಮೆಟೊ ಸಸಿಗೆ ಬರವಿಲ್ಲ. ಆದರೆ ನಮ್ಮ ಕಡೆಯ ನರ್ಸರಿಗಳು ಸಸಿ ಬೆಳೆಸುವುದು ಎಕರೆ ಲೆಕ್ಕದಲ್ಲಿ ನಾಟಿ ಮಾಡುವ ರೈತರಿಗಾಗಿ. ಹಿತ್ತಿಲಿಗೆ ಮೂವತ್ತು ಸಸಿ ಕೇಳಿಕೊಂಡು ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಯಾರೋ ಒಯ್ಯದೆ ಉಳಿಸಿದ, ವಯಸ್ಸು ಮೀರಿ ಉದ್ದವಾದ ಸಸಿ. ಎರಡು ವರ್ಷ ಹಾಗೆ ತಂದ ಸಸಿಗಳು ನೆಟ್ಟ ಹದಿನೈದು ದಿನದೊಳಗೆ ಎಲೆ ಮುದುಡಿಕೊಂಡು ನಿಂತ ಮೇಲೆ, ಬೀಜದಿಂದ ಮೊದಲುಗೊಂಡು ನಾಟಿಯವರೆಗೆ ಎಲ್ಲವನ್ನೂ ಮನೆಯೊಳಗೇ ಮಾಡಿ ನೋಡಬೇಕೆಂದು ನಿಶ್ಚಯಿಸಿದೆ. ಸಸಿ ಎಳೆಯದಾಗಿರುವಾಗಲೇ ಬಿಳಿ ನೊಣ ಕುಳಿತು ಎಲೆ ಮುದುಡು ರೋಗದ ವೈರಸ್ಸನ್ನು ಅಂಟಿಸಿದರೆ ಆಮೇಲೆ ಯಾವ ಔಷಧಿಯೂ ಅದನ್ನು ತೆಗೆಯಲಾರದು; ಆದ್ದರಿಂದ ಮೊದಲ ಮೂರು ನಾಲ್ಕು ವಾರ ಸಸಿಯನ್ನು ನೊಣದಿಂದ ದೂರವಿಡುವುದೇ ಈ ಕೆಲಸದ ಮುಖ್ಯ ಉದ್ದೇಶವಾಗಿತ್ತು.

ಕಳೆದ ಸಂಕ್ರಾಂತಿಯ ಮರುವಾರ ಒಂದೇ ಪೊಟ್ಟಣದ ಅರ್ಕಾ ರಕ್ಷಕ್ ಬೀಜವನ್ನು ಎರಡು ಪಾಲು ಮಾಡಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಈ ಹೈಬ್ರಿಡ್ ತಳಿಗೆ ಎಲೆ ಮುದುಡು, ದುಂಡಾಣು ಸೊರಗು ಮತ್ತು ಎಲೆ ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆದುಕೊಳ್ಳುವ ಗುಣವಿದೆ. ನಲವತ್ತು ಬೀಜವನ್ನು 98 ಗುಳಿಗಳ ಪ್ರೋಟ್ರೇಯಲ್ಲಿ, ಅಂದರೆ ಸಸಿ ಬೆಳೆಸುವ ಟ್ರೇಯಲ್ಲಿ, ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್ ತುಂಬಿ ಬಿತ್ತಿದೆ. ಉಳಿದ ನಲವತ್ತನ್ನು ಕಾಗದದ ಲೋಟಗಳಲ್ಲಿ, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ಬಿತ್ತಿದೆ. ಎರಡರಲ್ಲೂ ಬೀಜದ ಆಳ ಅರ್ಧ ಸೆಂಟಿಮೀಟರ್.

ಕೊಕೊಪೀಟ್ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಿಪಟೂರು ಕಡೆಯಿಂದ ಬಂಧುಗಳು ತಂದುಕೊಟ್ಟ, ಇಟ್ಟಿಗೆಯಂತೆ ಒತ್ತಿದ ಕೊಕೊಪೀಟನ್ನು ಹಿಂದಿನ ವರ್ಷ ನೆನೆಸಿ ನೇರವಾಗಿ ಬಳಸಿದ್ದೆ. ಎಲೆಯಂಚು ಸುಟ್ಟಂತಾಗಿ ಅರ್ಧ ಸಸಿ ಹಾಳಾದವು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರುತ್ತದೆ, ನಮ್ಮ ಕೊಳವೆಬಾವಿಯ ನೀರು ಮೊದಲೇ ಗಡಸು, ಎರಡೂ ಸೇರಿದರೆ ಎಳೆಯ ಬೇರು ತಾಳಲಾರದು. ಈ ಬಾರಿ ಹಿಡಿದಿಟ್ಟ ಮಳೆನೀರಿನಲ್ಲಿ ಮೂರು ಸಲ ತೊಳೆದು ಹಿಂಡಿದ ಮೇಲೆ ಆ ತೊಂದರೆ ಕಾಣಲಿಲ್ಲ.

ಟೊಮೆಟೊ ಬೀಜ ಚೆನ್ನಾಗಿ ಮೊಳೆಯಲು 20ರಿಂದ 30 ಡಿಗ್ರಿ ಶಾಖ ಬೇಕು. ಜನವರಿಯ ರಾತ್ರಿಗಳಲ್ಲಿ ನಮ್ಮ ನಡುಮನೆಯಲ್ಲಿಯೂ ಅಷ್ಟು ಬೆಚ್ಚಗಿರುವುದಿಲ್ಲವಾದ್ದರಿಂದ, ಟ್ರೇಯನ್ನೂ ಲೋಟಗಳನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಬಚ್ಚಲುಮನೆಯ ಹಂಡೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. ಬೆಳಿಗ್ಗೆ ಹಾಕಿದ ಉರಿಯ ಬಿಸಿ ಆ ಗೋಡೆಯಲ್ಲಿ ಸಂಜೆಯವರೆಗೂ ಉಳಿಯುತ್ತದೆ. ಐದನೆಯ ದಿನ ಕೊಕೊಪೀಟಿನಲ್ಲಿ ಬಾಗಿದ ಬಿಳಿ ಕೊಕ್ಕೆಗಳು ತಲೆಯೆತ್ತಿದವು. ಮಣ್ಣಿನ ಲೋಟಗಳಲ್ಲಿ ಎಂಟನೆಯ ದಿನದವರೆಗೂ ಕಾಯಬೇಕಾಯಿತು. ಮೇಲ್ಮಣ್ಣು ಹೆಪ್ಪುಗಟ್ಟಿ, ಕೆಲವು ಮೊಳಕೆಗಳು ಚಿಕ್ಕ ಹೆಂಟೆಯನ್ನೇ ತಲೆಯ ಮೇಲೆ ಹೊತ್ತುಕೊಂಡು ಎದ್ದವು. ಕೊಕೊಪೀಟಿನಲ್ಲಿ ಮೂವತ್ತೇಳು, ಮಣ್ಣಿನಲ್ಲಿ ಮೂವತ್ತಮೂರು ಬೀಜಗಳು ಮೊಳೆತವು.

ಮಣ್ಣಿನ ಪಾಲಿಗೆ ಇನ್ನೊಂದು ಪೆಟ್ಟು ಕಾದಿತ್ತು. ಬೆಳಿಗ್ಗೆ ನೆಟ್ಟಗೆ ನಿಂತಿದ್ದ ಸಸಿ ಸಂಜೆಯ ಹೊತ್ತಿಗೆ ಮಲಗಿರುತ್ತಿತ್ತು. ಬಗ್ಗಿ ನೋಡಿದರೆ ಮಣ್ಣಿಗೆ ತಾಗುವ ಕಡೆ ಕಾಂಡ ನೀರಾಡಿದಂತಾಗಿ, ಹಿಚುಕಿ, ದಾರದಷ್ಟು ಸಣ್ಣಗಾಗಿತ್ತು, ಮೇಲಿನ ಎರಡು ಎಲೆ ಮಾತ್ರ ಇನ್ನೂ ಹಸಿರಾಗಿದ್ದವು. ಹಸಿ ಹೆಚ್ಚಾದ ಮಣ್ಣಿನಲ್ಲಿ ಶಿಲೀಂಧ್ರದಿಂದ ಬರುವ ಬುಡ ಕೊಳೆ ರೋಗವಿದು. ಹಾಗೆ ಐದು ಸಸಿ ಹೋದವು. ಮೇಲಿನಿಂದ ನೀರು ಹಾಕುವುದನ್ನು ನಿಲ್ಲಿಸಿ, ತಳಕ್ಕೆ ತೂತು ಮಾಡಿದ ಲೋಟಗಳನ್ನು ನೀರು ತುಂಬಿದ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಲಾರಂಭಿಸಿದ ಮೇಲೆ ಆರನೆಯದು ಬೀಳಲಿಲ್ಲ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾವನ್ನು ಗೊಬ್ಬರಕ್ಕೆ ಮೊದಲೇ ಬೆರೆಸಿದ್ದರೆ ಆ ಐದೂ ಉಳಿಯುತ್ತಿದ್ದವೆಂದು ನನ್ನ ನಂಬಿಕೆ.

ಬೆಳಕಿನ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮ. ಮೊಳಕೆ ಕಂಡ ದಿನವೇ ಹಾಳೆ ತೆಗೆದು ಪೂರ್ವದ ಕಿಟಕಿಗೆ ಸಾಗಿಸಬೇಕು. ಊರಿಗೆ ಹೋಗಿದ್ದ ಕಾರಣ ಟ್ರೇಯ ಒಂದು ಭಾಗ ಒಂದೂವರೆ ದಿನ ಕತ್ತಲಲ್ಲೇ ಉಳಿದು, ಆ ಸಾಲಿನ ಸಸಿಗಳು ಶಾವಿಗೆಯಂತೆ ಬಿಳಿಚಿ ಉದ್ದವಾದವು. ಟೊಮೆಟೊ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುವುದರಿಂದ ಅವನ್ನು ಬೀಜದೆಲೆಯವರೆಗೆ, ಅಂದರೆ ಮೊಳಕೆಯಲ್ಲಿ ಮೊದಲು ಬಿಚ್ಚುವ ಜೋಡಿ ಎಲೆಯವರೆಗೆ, ಹೂತು ಉಳಿಸಿಕೊಂಡೆ.

ಹತ್ತನೆಯ ದಿನ ಯಾರಾದರೂ ಕೇಳಿದ್ದರೆ ಹಿಂದೆಮುಂದೆ ನೋಡದೆ ಕೊಕೊಪೀಟಿನ ಕಡೆಗೇ ತೀರ್ಪು ಕೊಡುತ್ತಿದ್ದೆ. ಹದಿನೆಂಟನೆಯ ದಿನದ ಹೊತ್ತಿಗೆ ಚಿತ್ರ ಬದಲಾಯಿತು. ಕೊಕೊಪೀಟ್ ನೀರನ್ನು ಹಿಡಿದಿಡುತ್ತದೆಯೇ ಹೊರತು ಅದರಲ್ಲಿ ಸಸಿಗೆ ಬೇಕಾದ ಆಹಾರ ಇಲ್ಲವೆನ್ನುವಷ್ಟು ಕಡಿಮೆ. ಬೀಜದೊಳಗಿನ ಬುತ್ತಿ ತೀರಿದ ಕೂಡಲೇ ಎಲೆಗಳು ತಿಳಿಹಳದಿಗೆ ತಿರುಗಿ, ಅಡಿಭಾಗದಲ್ಲಿ ನೇರಳೆ ಬಣ್ಣ ಕಾಣಿಸಿಕೊಂಡಿತು. ಲೀಟರಿಗೆ 2 ಗ್ರಾಂನಂತೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ 19:19:19 ಗೊಬ್ಬರ ಕರಗಿಸಿ ಎರಡು ಬಾರಿ ಕೊಟ್ಟ ಮೇಲೆ ಚೇತರಿಸಿಕೊಂಡವು. ಮಣ್ಣಿನ ಲೋಟದವು ಕುಳ್ಳಗಿದ್ದರೂ ಕಡುಹಸಿರಾಗಿ, ಪೆನ್ಸಿಲ್ಲಿನ ಅರ್ಧ ದಪ್ಪದ ಕಾಂಡ ಕಟ್ಟಿಕೊಂಡು, ನೀರಲ್ಲದೆ ಬೇರೇನನ್ನೂ ಬೇಡಲಿಲ್ಲ.

ಟ್ರೇಯ ಸಸಿಗಳನ್ನು ಇಪ್ಪತ್ತಾರನೆಯ ದಿನ ನೆಡಲೇಬೇಕಾಯಿತು. ಒಂದೆರಡು ದೊಡ್ಡ ಚಮಚದಷ್ಟೇ ಜಾಗವಿರುವ ಗುಳಿಯಲ್ಲಿ ಬೇರು ಸುತ್ತಿಕೊಂಡಿದ್ದವು. ಲೋಟದವನ್ನು ಮೂವತ್ತನಾಲ್ಕನೆಯ ದಿನದವರೆಗೆ ನಿಶ್ಚಿಂತೆಯಿಂದ ಇಟ್ಟುಕೊಂಡು, ಕೊನೆಯ ವಾರ ಜಗುಲಿಯಲ್ಲಿ ಸೊಳ್ಳೆಪರದೆಯ ಕೆಳಗೆ ಬಿಸಿಲಿಗೆ ಪಳಗಿಸಿ, ತಳ ಕತ್ತರಿಸಿ ಲೋಟದ ಮಣ್ಣಿನೊಂದಿಗೇ ಇಳಿಸಿದೆ. ಫೆಬ್ರವರಿಯ ಬಿಸಿಲಿಗೆ ಟ್ರೇಯ ಸಸಿಗಳು ವಾರದ ಮಟ್ಟಿಗೆ ಮಂಕಾಗಿ ನಿಂತವು, ಲೋಟದವು ಎರಡೇ ದಿನಕ್ಕೆ ಹೊಸ ಚಿಗುರು ತೆಗೆದವು. ಎಂಟು ದಿನ ತಡವಾಗಿ ನೆಟ್ಟರೂ ಮೊದಲ ಹೂವು ಬಿಟ್ಟದ್ದು ಲೋಟದ ಸಸಿಗಳಲ್ಲೇ.

ಮಾಲೂರಿನ ಕಡೆ ಅರ್ಧ ಎಕರೆ ಟೊಮೆಟೊ ಇಡುವ ನಮ್ಮ ದೊಡ್ಡಪ್ಪನ ಮಗ ಇದನ್ನೆಲ್ಲ ನೋಡಿ, ಸಾವಿರಾರು ಲೋಟ ಎಲ್ಲಿಡಲಿ ಎಂದು ಕೇಳಿದ. ಅವನಿಗೆ ಪ್ರೋಟ್ರೇಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಹಿತ್ತಿಲಿಗೆ ಇಪ್ಪತ್ತು ಮೂವತ್ತು ಗಿಡ ಸಾಕೆನ್ನುವವರಿಗೆ ಮಾತ್ರ ನಾನು ಹೇಳುವುದು ಬೇರೆ: ಕೊಕೊಪೀಟಿನಲ್ಲಿ ಮೊಳೆಸಿ, ಬೀಜದೆಲೆ ಪೂರ್ತಿ ಬಿಚ್ಚಿಕೊಂಡ ಮೇಲೆ ಲೋಟದ ಮಣ್ಣಿಗೆ ಬದಲಾಯಿಸಬೇಕು. ಈ ವರ್ಷ ಹಾಗೆ ಮಾಡಿದ ಇಪ್ಪತ್ತನಾಲ್ಕು ಸಸಿಗಳಲ್ಲಿ ಒಂದೂ ಬುಡ ಕೊಳೆತು ಬೀಳಲಿಲ್ಲ, ಒಂದೂ ಹಳದಿಯಾಗಲಿಲ್ಲ. ಬದಲಾಯಿಸುವಾಗ ಕಾಂಡ ಹಿಡಿಯದೆ ಎಲೆಯನ್ನು ಹಿಡಿಯಬೇಕು, ಏಕೆಂದರೆ ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಸಸಿಯೇ ಹೋಗುತ್ತದೆ. ಬೇರನ್ನು ಕೆಳಗಿನಿಂದ ಮೀಟಿ ಎತ್ತಲು ನಾನು ಬಳಸಿದ್ದು ಉರಿದು ಉಳಿದ ಊದಿನಕಡ್ಡಿಯ ಬಿದಿರುತುಂಡು; ಗುಳಿಯ ಅಂಚಿನಲ್ಲಿ ಅದನ್ನು ಇಳಿಸಿ ಮೆಲ್ಲಗೆ ಓರೆ ಮಾಡಿದರೆ, ಕೊಕೊಪೀಟಿನ ಚಿಕ್ಕ ಮುದ್ದೆಯೊಂದಿಗೆ ಸಸಿ ತಾನಾಗಿ ಮೇಲೆ ಬರುತ್ತದೆ.