ಓವರ್‌ಡ್ರೈವ್ ಚಲೋ, ಬೂಸ್ಟ್ ಒತ್ತಿದರೆ ‘ಟಪ್’: ಹದಿನಾಲ್ಕು ತಿಂಗಳ ಬಳಕೆಯ ಲೆಕ್ಕ

ಗಿಟಾರಿನ ದನಿ ಬದಲಿಸಲು ಕಾಲಿನಿಂದ ಒತ್ತುವ ಪೆಡಲ್ ಇದು; ಅದರ ಬೂಸ್ಟ್ ಸ್ವಿಚ್ ಒತ್ತಿದ ಕೂಡಲೇ ಸ್ಪೀಕರಿನಲ್ಲಿ ‘ಟಪ್’. ಮನೆಯ ಹತ್ತು ವ್ಯಾಟಿನ ಆಂಪಿನಲ್ಲಿ (ಆಂಪ್ಲಿಫೈಯರಿನಲ್ಲಿ) ಅದು ಚಿಟಿಕೆ ಹೊಡೆದಷ್ಟು ಸದ್ದು, ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ಅದೇ ಪೆಡಲಿನ ವೈರ್ ಬೆಳಗಾವಿಯ ಗಣಪತಿ ಮಂಡಪದ ಮಿಕ್ಸರಿಗೆ ಹೋಗಿ, ಎರಡೂ ಬದಿಯ ಹದಿನೈದು ಇಂಚಿನ ಸ್ಪೀಕರಿನಿಂದ ಹೊರಬಿದ್ದರೆ ಗಲ್ಲಿಯ ತುದಿಯಲ್ಲಿ ನಿಂತವರೂ ತಿರುಗಿ ನೋಡುತ್ತಾರೆ. ‘ಏನ್ರೀ ಅದು, ಸ್ಪೀಕರ್ ಹೋದ್ರ ಯಾರು ಕೊಡವ್ರು?’ ಎಂದು ಸೌಂಡಿನವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಈ ವಿಮರ್ಶೆ ಹುಟ್ಟಿದ್ದೇ ಆ ಟಪ್‌ನಿಂದ.

ಪೆಡಲಿನ ಹೆಸರು ಬೇಡ. ಆರು ಸಾವಿರದೊಳಗೆ ಸಿಗುವ, ಒಂದೇ ಡಬ್ಬಿಯಲ್ಲಿ ಎರಡು ಫುಟ್‌ಸ್ವಿಚ್ ಇರುವ ಜಾತಿ ಇದು. ಬಲಕ್ಕೆ ದನಿಯನ್ನು ಒರಟಾಗಿಸುವ ಓವರ್‌ಡ್ರೈವ್, ಎಡಕ್ಕೆ ಸದ್ದು ಏರಿಸುವ ಬೂಸ್ಟ್. ಗಿಟಾರ್ ಬಲಗಡೆಯಿಂದ ಒಳಬಂದು ಎಡಗಡೆಯಿಂದ ಹೊರಹೋಗುತ್ತದೆ. ಅಂದರೆ ಬೂಸ್ಟ್ ಯಾವತ್ತಿಗೂ ಓವರ್‌ಡ್ರೈವ್ ಆದ ಮೇಲೆಯೇ. ಕ್ರಮ ಬದಲಿಸುವ ಸೌಲಭ್ಯ ಇದರಲ್ಲಿಲ್ಲ, ಅದು ಮೊದಲೇ ಗೊತ್ತಿದ್ದೇ ಕೊಂಡದ್ದು.

ಓವರ್‌ಡ್ರೈವ್ ಬದಿಗೆ ಬೈಯುವಂತಿಲ್ಲ. 1970ರ ದಶಕದ ಕೊನೆಯಲ್ಲಿ ಬಂದ ಐಬನೆಜ್‌ನ ಹಸಿರು ಟ್ಯೂಬ್ ಸ್ಕ್ರೀಮರಿನ ನಕ್ಷೆಯನ್ನೇ ಹೆಚ್ಚುಕಮ್ಮಿ ಇಳಿಸಿದ್ದಾರೆ: ಸಿಗ್ನಲನ್ನು ಹಿಗ್ಗಿಸುವ 4558 ಆಪ್‌ಆಂಪ್ ಚಿಪ್, ಅದರ ಫೀಡ್‌ಬ್ಯಾಕಿನಲ್ಲಿ (ಔಟ್‌ಪುಟ್ ಮರಳಿ ಇನ್‌ಪುಟ್‌ಗೆ ಬರುವ ದಾರಿಯಲ್ಲಿ) ಬೆನ್ನಿಗೆ ಬೆನ್ನು ಹಾಕಿದ ಎರಡು ಸಿಲಿಕಾನ್ ಡಯೋಡ್. ಡಯೋಡ್ ಫೀಡ್‌ಬ್ಯಾಕಿನಲ್ಲಿರುವುದರಿಂದ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುವುದಿಲ್ಲ, ಮೆಲ್ಲಗೆ ದುಂಡಗಾಗುತ್ತದೆ. ಕಿವಿಗೆ ಬೆಚ್ಚಗೆ ಕೇಳುವುದು ಅದಕ್ಕೇ. ಇನ್ನು 4.7 ಕಿಲೋಓಮ್ ರೆಸಿಸ್ಟರ್ ಮತ್ತು 0.047 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಗೇನ್ (ಹಿಗ್ಗಿಸುವ ಪ್ರಮಾಣ) ಕಡಿಮೆ ಮಾಡುತ್ತವೆ. ಮುಂದಿನ ಹಂತದ ಟೋನ್ ಫಿಲ್ಟರ್ ಹೆಚ್ಚುಕಮ್ಮಿ ಅಲ್ಲಿಂದಲೇ ಮೇಲಿನದನ್ನು ಇಳಿಸುತ್ತದೆ. ಉಳಿಯುವುದು ನಟ್ಟನಡುವಿನ ಒಂದು ಗುಡ್ಡ.

ಬೇಸ್ ಮತ್ತು ಡ್ರಮ್ಸ್ ಇರುವ ಬ್ಯಾಂಡಿನಲ್ಲಿ ಈ ಗುಡ್ಡವೇ ಆಸ್ತಿ, ಎಷ್ಟೇ ಗದ್ದಲವಿದ್ದರೂ ಗಿಟಾರ್ ಮೇಲೆದ್ದು ಕೇಳುತ್ತದೆ. ನಮ್ಮ ಕಡೆ ಗಿಟಾರ್ ಹೆಚ್ಚಾಗಿ ಕೂಡುವುದು ಪೇಟಿ (ಹಾರ್ಮೋನಿಯಂ) ಮತ್ತು ತಬಲಾದ ಜೊತೆ. ಪೇಟಿಯ ಬಿಳಿ ಒಂದರ (ಮೊದಲ ಬಿಳಿ ಮನೆಯ) ಷಡ್ಜ ಸುಮಾರು 262 ಹರ್ಟ್ಸ್. ಅದರ ಎರಡನೇ ಹಾರ್ಮೋನಿಕ್ (ಎರಡು ಪಟ್ಟಿನ ಮರಿದನಿ) 524, ಮೂರನೆಯದು 786. ಎರಡೂ ಗುಡ್ಡದ ಇಳಿಜಾರಿನಲ್ಲೇ ಬಂದು ಕೂಡುತ್ತವೆ. ಗಿಟಾರೂ ಪೇಟಿಯೂ ಒಂದೇ ಕುರ್ಚಿಗೆ ಜಗಳ ಆಡಿದಂತೆ ಆಗಿ ಕೊನೆಗೆ ಹಾಡುವವರ ದನಿ ಮುಚ್ಚಿಹೋಗುತ್ತದೆ. ಪೇಟಿ ಇರುವ ಕಾರ್ಯಕ್ರಮಕ್ಕೆ ಓವರ್‌ಡ್ರೈವ್ ಬೇಕೇಬೇಕೆಂದಿದ್ದರೆ ಮಿಕ್ಸರಿನ ಮಿಡ್ ಗುಬ್ಬಿಯಲ್ಲಿ (ನಡುದನಿಯ ತಿರುಗುಗುಂಡಿಯಲ್ಲಿ) 700ರ ಸುತ್ತ ಮೂರ್ನಾಲ್ಕು ಡೆಸಿಬೆಲ್ ಇಳಿಸಿಕೊಳ್ಳಿ. ಪೆಡಲಿನ ಟೋನ್ ತಿರುಗಿಸಿ ಪ್ರಯೋಜನವಿಲ್ಲ. ಅದು ಮೇಲಿನ ಚೂಪನ್ನು ಹೆಚ್ಚುಕಡಿಮೆ ಮಾಡುತ್ತದೆ ಅಷ್ಟೆ, ಗುಡ್ಡವನ್ನು ಮುಟ್ಟುವುದಿಲ್ಲ.

ಒರಟುತನ ಏರಿಳಿಸುವ ಡ್ರೈವ್ ಗುಬ್ಬಿ ಸೊನ್ನೆಗೆ ಇಟ್ಟರೆ ದನಿ ಸ್ವಚ್ಛ ಎಂದು ನಂಬಬೇಡಿ. ಪೂರ್ತಿ ಇಳಿಸಿದರೂ ಈ ನಕ್ಷೆಯಲ್ಲಿ 51 ಕಿಲೋಓಮ್ ಉಳಿದೇ ಇರುತ್ತದೆ, ಅಂದರೆ ಸುಮಾರು 12 ಪಟ್ಟು ಗೇನ್. ಪೂರ್ತಿ ಏರಿಸಿದರೆ 118 ಪಟ್ಟು. ಹಂಬಕರ್ (ತಂತಿಯ ಕಂಪನ ಹಿಡಿಯುವ, ಜೋಡಿ ಸುರುಳಿಯ ಪಿಕಪ್) ಇರುವ ಗಿಟಾರಿಗೆ ಸೊನ್ನೆಯಲ್ಲೇ ತುಸು ಒರಟು ಬರುತ್ತದೆ.

ದಿನದ ಅಭ್ಯಾಸಕ್ಕೆ ಒಂದು ಜಾಗ ಗೊತ್ತುಮಾಡಿದ್ದಾಗಿದೆ, ಹದಿನಾಲ್ಕು ತಿಂಗಳಲ್ಲಿ ಅದು ಕದಲಿಲ್ಲ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಡ್ರೈವ್ 9ಕ್ಕೆ, ಟೋನ್ 11ಕ್ಕೆ, ಲೆವೆಲ್ 2ಕ್ಕೆ. ಪೆಡಲ್ ಇಷ್ಟಕ್ಕೆ ಬಿಟ್ಟು ಉಳಿದದ್ದೆಲ್ಲ ಗಿಟಾರಿನ ವಾಲ್ಯೂಮ್ ಗುಬ್ಬಿಯಲ್ಲಿ. 10ರಲ್ಲಿ ಲೀಡ್, 7ಕ್ಕೆ ಇಳಿಸಿದರೆ ರಿದಮ್, 4ಕ್ಕೆ ಬಂದರೆ ಹೆಚ್ಚುಕಮ್ಮಿ ಕ್ಲೀನ್. ಕಿರುಬೆರಳು ಗುಬ್ಬಿಯ ಮೇಲೇ ಇರುವುದರಿಂದ ಹಾಡಿನ ನಡುವೆ ಕಾಲಿಗೆ ಕೆಲಸವಿಲ್ಲ. ಗುಬ್ಬಿ ಇಳಿಸಿದರೆ ದನಿ ಮಂಕಾಗುವ ಗಿಟಾರಾದರೆ ವಾಲ್ಯೂಮ್ ಪಾಟಿನ (ಗುಬ್ಬಿಯ ಕೆಳಗಿನ ಬಿಡಿಭಾಗದ) ಒಳಬರುವ ಕಾಲು ಮತ್ತು ನಡುವಿನ ಕಾಲಿಗೆ ಅಡ್ಡ 1000 ಪಿಕೊಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸೆಯಿಸಿಕೊಳ್ಳಿ. ಪೆಡಲ್ ಬದಲಿಸುವುದಕ್ಕಿಂತ ಇದು ಅಗ್ಗ.

ಮಿಕ್ಸರಿಗೆ ನೇರವಾಗಿ ಹಾಕುವವರಿಗೆ ಒಂದು ಎಚ್ಚರಿಕೆ. ಗಿಟಾರ್ ಆಂಪಿನ ಸ್ಪೀಕರ್ 5 ಕಿಲೋಹರ್ಟ್ಸ್ ದಾಟಿದ ಮೇಲೆ ತಾನಾಗಿ ಸುಮ್ಮನಾಗುತ್ತದೆ, ಮಂಡಪದ ಪಿಎ ಸ್ಪೀಕರ್ ಸುಮ್ಮನಾಗುವುದಿಲ್ಲ. ಓವರ್‌ಡ್ರೈವಿನ ಎಲ್ಲ ಹರುಕು ಅದರಲ್ಲಿ ಕಣಜದ ಗೂಡಿಗೆ ಕೈ ಹಾಕಿದಂತೆ ಕೇಳುತ್ತದೆ, ಪೆಡಲಿಗೆ ಬೈಗುಳ ಬೀಳುತ್ತದೆ. ನಡುವೆ ಗಿಟಾರ್ ಸ್ಪೀಕರಿನ ದನಿ ಅನುಕರಿಸುವ ಕ್ಯಾಬ್ ಸಿಮ್ಯುಲೇಟರ್ ಇದ್ದರೆ ಸರಿ. ಇಲ್ಲವಾದರೆ ಟೋನ್ 9ಕ್ಕೆ ಇಳಿಸಿ, ಮಿಕ್ಸರಿನ ಹೈ ಪೂರ್ತಿ ತೆಗೆದು, ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಿಐ ಬಾಕ್ಸ್ ಮೂಲಕ ಕಳಿಸಿ.

ಈಗ ಬೂಸ್ಟ್. ಬಿಎಸ್170 ಮಾಸ್‌ಫೆಟ್ (ಒಂದು ಜಾತಿಯ ಟ್ರಾನ್ಸಿಸ್ಟರ್) ಒಂದರ ಮೇಲೆ ನಿಂತ ಸರಳ ನಕ್ಷೆ. ಓವರ್‌ಡ್ರೈವ್ ಆದ ಮೇಲೆ ಬರುವುದರಿಂದ ಒರಟುತನ ಹೆಚ್ಚುವುದಿಲ್ಲ, ಸದ್ದು ಹೆಚ್ಚುತ್ತದೆ. ಸೋಲೊ ಬಂದಾಗ ಬೇಕಾದದ್ದೂ ಅದೇ. ಆದರೆ ಮನೆಯ ಸಣ್ಣ ಟ್ರಾನ್ಸಿಸ್ಟರ್ ಆಂಪಿಗೆ ಇದನ್ನು ಜೋಡಿಸಿ ‘ಬೂಸ್ಟ್ ಹೊಲಸಾಗಿದೆ’ ಎನ್ನುವವರು ಬಹಳ. ಆಂಪಿನ ಗಂಟಲು ಅಷ್ಟರಲ್ಲೇ ತುಂಬಿರುತ್ತದೆ, ಇನ್ನೂ ತುರುಕಿದರೆ ಅದು ಕೆಮ್ಮದೆ ಏನು ಮಾಡೀತು? ಆಂಪಿನ ವಾಲ್ಯೂಮನ್ನು ಬೂಸ್ಟ್ ಹಾಕಿಕೊಂಡೇ ಗೊತ್ತುಮಾಡಿ, ಆಮೇಲೆ ಬೂಸ್ಟ್ ತೆಗೆಯಿರಿ. ಉಲ್ಟಾ ಮಾಡಿದರೆ ಮೇಲೇರಲು ಜಾಗವೇ ಇರುವುದಿಲ್ಲ.

ಆದರೆ ಟಪ್. ಮೊದಲ ಆರು ತಿಂಗಳು ಕೇಳಿದ್ದರೆ ಐದಕ್ಕೆ ಎರಡು ಅಂಕ, ಅದೂ ಓವರ್‌ಡ್ರೈವಿನ ಮುಖ ನೋಡಿ. ಅಂಗಡಿಗೆ ಕೇಳಿದರೆ ‘ಟ್ರೂ ಬೈಪಾಸ್ ಅಂದ್ರ ಹಂಗೇ ರೀ’ ಎಂಬ ಉತ್ತರ. ಟ್ರೂ ಬೈಪಾಸ್ ಎಂದರೆ ಆಫ್ ಇದ್ದಾಗ ಸಿಗ್ನಲ್ ಪೆಡಲಿನ ಸರ್ಕ್ಯೂಟ್ ಮುಟ್ಟದೆ ನೇರವಾಗಿ ದಾಟುವುದು. ಹಂಗಂತ ಟಪ್ ಬರಬೇಕೆಂದೇನಿಲ್ಲ.

ಕಾರಣ ಹುಡುಕುವ ಒಂದು ಸುಲಭ ಪರೀಕ್ಷೆ ಇದೆ. ಒಂದೈದು ನಿಮಿಷ ಬೂಸ್ಟ್ ಆಫ್ ಮಾಡಿಟ್ಟು, ಆಮೇಲೆ ಸ್ವಿಚ್ಚನ್ನು ಸರಸರ ಐದಾರು ಸಲ ಒತ್ತಿ. ಮೊದಲ ಸಲ ಜೋರಾಗಿ ಟಪ್ ಎಂದು, ಉಳಿದವು ಸಣ್ಣಗಾದರೆ ಕೆಪಾಸಿಟರಿನಲ್ಲಿ ಕೂಡಿಬಿದ್ದ ಚಾರ್ಜ್ ಕಾರಣ. ಐದಾರೂ ಒಂದೇ ಸಮ ಬಂದರೆ ಎಲ್‌ಇಡಿ ಹತ್ತುವಾಗ ಒಮ್ಮೆಲೆ ಎಳೆಯುವ ಕರೆಂಟಿನ ಕಡೆ ನೋಡಬೇಕು. ಅದರ ಸರಣಿ ರೆಸಿಸ್ಟರನ್ನು 10 ಕಿಲೋಓಮಿಗೆ ಏರಿಸಿದರೆ ಬೆಳಕೂ ಸದ್ದೂ ಎರಡೂ ತಗ್ಗುತ್ತವೆ. ಈ ಪೆಡಲಿನದು ಮೊದಲ ಜಾತಿ.

ಒಳಗೆ ಆಗುವುದಿಷ್ಟು. ಮಾಸ್‌ಫೆಟ್‌ನ ಗೇಟಿನಲ್ಲಿ (ಸಿಗ್ನಲ್ ಒಳಬರುವ ಕಾಲಿನಲ್ಲಿ) 9 ವೋಲ್ಟಿನ ಅರ್ಧದಷ್ಟು ವೋಲ್ಟೇಜ್ ಸದಾ ನಿಂತಿರುತ್ತದೆ. ಅದು ಗಿಟಾರಿನ ಕಡೆ ಹರಿಯದಂತೆ ಒಳದಾರಿಯಲ್ಲಿ ಒಂದು ಕೆಪಾಸಿಟರ್. ಬೂಸ್ಟ್ ಆಫ್ ಆದಾಗ ಸ್ವಿಚ್ ಆ ಕೆಪಾಸಿಟರಿನ ಹೊರತುದಿಯನ್ನು ಯಾವುದಕ್ಕೂ ಅಂಟಿಸದೆ ಗಾಳಿಯಲ್ಲಿ ಬಿಡುತ್ತದೆ. ಯಾವ ಕೆಪಾಸಿಟರೂ ನೂರಕ್ಕೆ ನೂರು ಬಿಗಿಯಲ್ಲ, ತುಸು ಸೋರುತ್ತದೆ. ನಿಮಿಷಗಳು ಕಳೆದಂತೆ ಹೊರತುದಿಯಲ್ಲೂ ವೋಲ್ಟೇಜ್ ಏರುತ್ತದೆ. ಸ್ವಿಚ್ ಒತ್ತಿದ ಕ್ಷಣಕ್ಕೆ ಅದು ಒಮ್ಮೆಲೆ ಇಳಿಯುತ್ತದೆ, ಆ ಜಿಗಿತವನ್ನು ಬೂಸ್ಟ್ ತಾನೇ ಎತ್ತಿ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ಓವರ್‌ಡ್ರೈವ್ ಬದಿಯಲ್ಲಿ ಹೀಗಾಗದಂತೆ ಒಂದು ಮೆಗಾಓಮ್ ರೆಸಿಸ್ಟರ್ ಹಾಕಿದ್ದಾರೆ, ಬೂಸ್ಟ್ ಬದಿಯಲ್ಲಿ ಹಾಕಿಲ್ಲ. ಒಂದೆರಡು ರೂಪಾಯಿಯ ಸಾಮಾನಿಗೆ ಜಿಪುಣತನ.

ಹಾಗಾಗಿ ದುರಸ್ತಿಯೂ ಒಂದೆರಡು ರೂಪಾಯಿಯದೇ. ಕಾಲು ವ್ಯಾಟಿನ 1 ಮೆಗಾಓಮ್ ರೆಸಿಸ್ಟರ್ ಎರಡು ತನ್ನಿ. ಪಟ್ಟಿ ಕಂದು, ಕಪ್ಪು, ಹಸಿರು. ಅಡಾಪ್ಟರ್ ಕಿತ್ತು, ಬ್ಯಾಟರಿ ತೆಗೆದು, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ. ಬೂಸ್ಟ್ ಫುಟ್‌ಸ್ವಿಚ್ಚಿಗೆ ಮೂರು ಸಾಲಿನಲ್ಲಿ ಒಂಬತ್ತು ಕಾಲು. ಬೋರ್ಡಿನ ಬೂಸ್ಟ್ ಇನ್‌ಪುಟ್‌ಗೆ ಹೋಗುವ ವೈರ್ ಯಾವ ಕಾಲಿನಲ್ಲಿದೆ ಎಂಬುದನ್ನು ಮಲ್ಟಿಮೀಟರಿನ ಬೀಪ್ ಇಟ್ಟು ಗುರುತಿಸಿ. ಆ ಕಾಲಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್, ಬೂಸ್ಟ್ ಔಟ್‌ಪುಟ್ ಬರುವ ಕಾಲಿನಿಂದ ಗ್ರೌಂಡಿಗೆ ಇನ್ನೊಂದು. 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಕಾಸಬೇಡಿ. ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ವಾಲಿದರೆ ಸ್ವಿಚ್ಚೇ ಹೋಯಿತು. ರೆಸಿಸ್ಟರಿನ ಬರಿಗಾಲಿಗೆ ಪ್ಲಾಸ್ಟಿಕ್ ಸ್ಲೀವ್ ತೊಡಿಸಿ, ಇಲ್ಲವಾದರೆ ಮುಚ್ಚಳ ಹಾಕಿದಾಗ ಡಬ್ಬಿಗೆ ತಾಗಿ ದನಿಯೇ ಬರುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಅದು ಮುರಿಯುತ್ತದೆ ಎಂಬುದೂ ನೆನಪಿರಲಿ.

ಟಪ್ ಹೋಯಿತು. ಪೂರ್ತಿ ಅಲ್ಲ, ಸ್ವಿಚ್ಚಿನ ಲೋಹದ ‘ಟಿಕ್’ ಉಳಿದಿದೆ, ಅದು ಮೈಕಿಗೂ ಕೇಳಿಸುವಂಥದ್ದಲ್ಲ. ಈಗ ಐದಕ್ಕೆ ನಾಲ್ಕು.

ಬೂಸ್ಟ್ ಸುಮ್ಮನಾದ ಮೇಲೆಯೇ ಅದರ ಇನ್ನೊಂದು ಗುಣ ಕಣ್ಣಿಗೆ ಬಿತ್ತು. ಓವರ್‌ಡ್ರೈವ್ ಆಫ್, ಬೂಸ್ಟ್ ಒಂದೇ ಆನ್, ಗುಬ್ಬಿ 9ಕ್ಕೆ. ಸದ್ದು ಅಷ್ಟೇನೂ ಏರುವುದಿಲ್ಲ, ಆದರೆ ತಂತಿ ಹೊಸದು ಹಾಕಿದಂತೆ ದನಿ ತೆರೆದುಕೊಳ್ಳುತ್ತದೆ. ಇದರಲ್ಲಿ ಮಾಯೆ ಇಲ್ಲ. ವೇದಿಕೆಯಲ್ಲಿ ಕೇಬಲ್ ಹತ್ತು ಮೀಟರ್ ಈಚೆ, ಹತ್ತು ಮೀಟರ್ ಆಚೆ. ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಹಿಡಿದರೆ ಒಟ್ಟು 2000. ಪೆಡಲ್ ಆಫ್ ಇದ್ದಾಗ ಆ ಭಾರವೆಲ್ಲ ಪಿಕಪ್ ಮೇಲೆ ಬಿದ್ದು ಮೇಲಿನ ಹೊಳಪು ಸಾಯುತ್ತದೆ. ಬೂಸ್ಟ್ ಆನ್ ಆದರೆ ಎರಡನೇ ಹತ್ತು ಮೀಟರಿನ ಭಾರವನ್ನು ಅದು ಹೊರುತ್ತದೆ. ಪೇಟಿಯ ಜೊತೆಗೆ, ಗುಡ್ಡ ಇಲ್ಲದ ಈ ದನಿಯೇ ಹೊಂದುತ್ತದೆ. ತಂತಿ ಎಳೆದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರು) ತೆಗೆದರೆ ಸ್ವರ ನಡುದಾರಿಯಲ್ಲಿ ಸೊರಗದೆ ಮುಟ್ಟಬೇಕಾದ ಜಾಗ ಮುಟ್ಟುತ್ತದೆ. ಕೊಂಡದ್ದು ಓವರ್‌ಡ್ರೈವಿಗಾಗಿ, ಈಗ ಹೆಚ್ಚು ಹೊತ್ತು ಹತ್ತಿರುವುದು ಬೂಸ್ಟ್ ಬದಿಯ ದೀಪ.

ಬೂಸ್ಟ್ ಗುಬ್ಬಿ ತಿರುಗಿಸುವಾಗ ಕರಕರ ಎನ್ನುತ್ತದೆ. ಅದು ದೋಷವಲ್ಲ: ಈ ನಕ್ಷೆಯಲ್ಲಿ ಗುಬ್ಬಿಯ ಮೂಲಕವೇ ಡಿಸಿ ಹರಿಯುತ್ತದೆ, ಎಷ್ಟು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೂ ಹೋಗುವುದಿಲ್ಲ. ತಿರುಗಿಸಿ ಬಿಟ್ಟ ಮೇಲೆ ಸುಮ್ಮನಿದ್ದರೆ ಆಯಿತು. ಓವರ್‌ಡ್ರೈವಿನ ಲೆವೆಲ್ ಗುಬ್ಬಿ ಕರಕರ ಎಂದರೆ ಮಾತ್ರ ಅದು ಮಳೆಗಾಲದ ಕೊಡುಗೆ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಪಾಟಿನ ಒಳಗಿನ ಪಟ್ಟಿ ಒಣಗಿರುವುದೆಲ್ಲಿಂದ? ಒಂದು ಹನಿ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಸಾಕು. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಕರೆಂಟಿನ ವಿಷಯದಲ್ಲಿ ಪೆಡಲ್ ತಕರಾರಿನದಲ್ಲ. ಮೀಟರಿನಲ್ಲಿ ಅಳೆದಾಗ ಎರಡೂ ದೀಪ ಹತ್ತಿದ್ದರೆ 14 ಮಿಲಿಆಂಪ್. ಆದರೆ ಅಡಾಪ್ಟರ್ 9 ವೋಲ್ಟ್, ನಡುವಿನ ಪಿನ್ ಮೈನಸ್ ಆಗಿರಲೇಬೇಕು. ಮನೆಯಲ್ಲಿ ಬಿದ್ದಿರುವ ರೂಟರಿನ ಅಡಾಪ್ಟರ್ ಅಳತೆಗೆ ಸರಿಯಾಗಿ ಕೂಡುತ್ತದೆ, ಸಾಮಾನ್ಯವಾಗಿ ಅದರ ನಡುವಿನದು ಪ್ಲಸ್. ಸಿಕ್ಕಿಸಿದರೆ ರಕ್ಷಣೆಗಿಟ್ಟ ಡಯೋಡ್ ಮೊದಲು ಸುಡುತ್ತದೆ, ಆಮೇಲೆ ಉಳಿದದ್ದು. ಬ್ಯಾಟರಿ ಹಾಕುವವರು ಆಟ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕೀಳಬೇಕು. ಬ್ಯಾಟರಿಯ ಸ್ವಿಚ್ ಆ ಜ್ಯಾಕಿನೊಳಗೇ ಇದೆ. ದೀಪ ಆರಿದ್ದರೂ ಕೇಬಲ್ ಚುಚ್ಚಿದ್ದರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಮಂಡಪದ ಸೀರಿಯಲ್ ಲೈಟ್‌ನ ಕಂಟ್ರೋಲರ್ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿಗೆ ಜೇನುನೊಣ ತುಂಬುತ್ತದೆ, ಓವರ್‌ಡ್ರೈವ್ ಅದನ್ನು ಎತ್ತಿ ಹಿಡಿಯುತ್ತದೆ. ಪೆಡಲ್ ಬದಲಿಸಬೇಡಿ, ಗಿಟಾರ್ ಹಿಡಿದು ನಿಂತಲ್ಲೇ ಮೆಲ್ಲಗೆ ತಿರುಗಿ. ಗುಂಯ್ ಎನ್ನುವುದು ತೀರಾ ಸಣ್ಣಗಾಗುವ ಒಂದು ದಿಕ್ಕು ಸಿಗುತ್ತದೆ, ಅಲ್ಲೇ ನಿಲ್ಲಿ.

ಕೊನೆಗೆ ಕಾಲಿನ ಮಾತು. ಎರಡು ಸ್ವಿಚ್ಚಿನ ನಡುವೆ ನಾಲ್ಕೂವರೆ ಸೆಂಟಿಮೀಟರ್ ಜಾಗ. ಚಪ್ಪಲಿ, ಬೂಟು ಹಾಕಿ ಒಂದನ್ನು ಒತ್ತಲು ಹೋದರೆ ಎರಡೂ ಬೀಳುತ್ತವೆ. ಗಣಪತಿಯ ಮುಂದೆ ಚಪ್ಪಲಿ ಹೇಗೂ ಇಲ್ಲ, ಬರಿಗಾಲಿನ ಹೆಬ್ಬೆರಳಿಗೆ ಆ ಜಾಗ ಸಾಕಷ್ಟಾಯಿತು, ಆದರೆ ಸ್ವಿಚ್ಚಿನ ಲೋಹದ ತಲೆ ಚುಚ್ಚುತ್ತದೆ. ಸ್ವಿಚ್ಚಿನ ಮೇಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಟಾಪರ್ ಬರುತ್ತದೆ. ಬೂಸ್ಟ್ ಮೇಲೆ ಮಾತ್ರ ಒಂದು ಹಾಕಿ, ಓವರ್‌ಡ್ರೈವ್ ಹಾಗೇ ಇರಲಿ. ಕತ್ತಲಲ್ಲಿ ಹೆಬ್ಬೆರಳಿಗೆ ನುಣುಪು ತಾಗಿತೆಂದರೆ ಅದು ಬೂಸ್ಟ್, ಚುಚ್ಚಿತೆಂದರೆ ಓವರ್‌ಡ್ರೈವ್.